ಇನ್ನೊಬ್ಬನ ಕೈಯಲ್ಲಿ ನಮ್ಮ ಹೆಸರು



ಸುಗ್ಗಿ ತೀರಿದ ಮೇಲೆ ಲಿಂಗಸುಗೂರು, ಮಸ್ಕಿ ಸೀಮೆಗಳ ಎಷ್ಟೋ ಮನೆಗಳಿಗೆ ಬೀಗ ಬೀಳುವದನ್ನು ನೀವೆಲ್ಲರೂ ಬಲ್ಲಿರಿ. ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಹೋಗುವಾಗ ಹಾಸಿಗೆ ಪಾತ್ರೆಗಳನ್ನು ಸಂಗಡ ಒಯ್ಯಬಹುದು. ಆದರೆ ಎರಡೆಕರೆ ಹೊಲವನ್ನು ಒಯ್ಯಲಾಗದು, ನಡೆಯಲಾರದ ಮುದಿತಾಯಿಯನ್ನು ಒಯ್ಯಲಾಗದು. ಆದಕಾರಣ ಮನೆಯ ಕೀಲಿಕೈ, ಬ್ಯಾಂಕಿನ ಪಾಸುಬುಕ್ಕು, ಪಹಣಿಯ ಕಾಗದ, ತಾಯಿಯ ಪಿಂಚಣಿಯ ಚೀಟಿ ಇವೆಲ್ಲವೂ ಒಬ್ಬನ ಕೈಗೆ ಬರುತ್ತವೆ. ಅವನು ಅಣ್ಣನಿರಬಹುದು, ಸೋದರಳಿಯನಿರಬಹುದು, ನೆರೆಮನೆಯವನಿರಬಹುದು. "ನೀನೇ ನೋಡಿಕೊಳ್ಳಪ್ಪಾ" ಎಂಬ ಒಂದು ಮಾತಿನಿಂದ ಒಂದು ಕುಟುಂಬದ ಸರ್ವಸ್ವವು ಒಪ್ಪಿಸಲ್ಪಡುತ್ತದೆ. ಈ ಒಂದು ಮಾತಿನಲ್ಲಿ ಕೊಟ್ಟವನು ಏನನ್ನು ಕೊಟ್ಟನು, ತೆಗೆದುಕೊಂಡವನು ಏನನ್ನು ತೆಗೆದುಕೊಂಡನು ಎಂಬದನ್ನು ವಿಚಾರಿಸುವದು ನಮ್ಮ ಈಗಿನ ಉದ್ದೇಶವಾಗಿದೆ.

ಹಣ ಕೊಟ್ಟನು, ಹೊಲ ಕೊಟ್ಟನು ಎಂದು ಹೇಳುವದು ಸುಲಭ. ಆದರೆ ಹೊಲವು ಅವನದಾಗಿಯೇ ಉಳಿದಿದೆಯಷ್ಟೆ. ನಿಜವಾಗಿ ಕೊಡಲ್ಪಟ್ಟದ್ದು ಅವನ ಹೆಸರು. ಪಾರುಪತ್ಯ ವಹಿಸಿಕೊಂಡವನು ಅಂಗಡಿಯಲ್ಲಿ ಗೊಬ್ಬರ ತಂದರೆ ಇನ್ನೊಬ್ಬನ ಹೆಸರಿನಲ್ಲಿ ತರುತ್ತಾನೆ. ಕಾಗದಕ್ಕೆ ರುಜು ಹಾಕಿದರೆ ಇನ್ನೊಬ್ಬನ ಹೆಸರಿನಲ್ಲಿ ಹಾಕುತ್ತಾನೆ. ಸುಳ್ಳಾಡಿದರೂ ಆ ಸುಳ್ಳು ಇನ್ನೊಬ್ಬನ ಹೆಸರಿಗೇ ಅಂಟುತ್ತದೆ. ಹೆಸರೆಂದರೆ ಎಷ್ಟು ದೊಡ್ಡದೆಂಬದಕ್ಕೆ ಮಸ್ಕಿಯ ಬಂಡೆಯೇ ಸಾಕ್ಷಿ. ದೇವರುಗಳಿಗೆ ಪ್ರಿಯನಾದವನು ಎಂಬ ಬಿರುದುಳ್ಳ ಅರಸನ ಶಾಸನಗಳು ದೇಶದ ನಾನಾ ಕಡೆಗಳಲ್ಲಿ ಸಿಕ್ಕಿದ್ದರೂ ಆ ಅರಸನು ಯಾರೆಂಬದು ಶಾಸನದ ಮಾತಿನಿಂದಲೇ ಸ್ಥಿರಪಟ್ಟಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬವನು ಮಸ್ಕಿಯ ಗುಡ್ಡದಲ್ಲಿ ಕಂಡ ಬರಹದಲ್ಲಿ ಅಶೋಕ ಎಂಬ ಹೆಸರೇ ಇದ್ದದರಿಂದ ಸಂದೇಹವು ತೀರಿತು. ಮೌರ್ಯ ಚಕ್ರವರ್ತಿಗೂ ತನ್ನ ಮಾತು ತನ್ನದೆಂದು ತಿಳಿಯುವದಕ್ಕೆ ಹೆಸರು ಬೇಕಾಯಿತು. ನಮ್ಮ ಹೆಬ್ಬೆಟ್ಟಿನ ಗುರುತು ಆ ಬಂಡೆಯ ಅಕ್ಷರಗಳಿಗಿಂತ ಹಗುರವಾದದ್ದೆಂದು ಯಾರು ಹೇಳಬಲ್ಲರು?

ಹೀಗೆ ಹೆಸರನ್ನು ಒಪ್ಪಿಸುವ ಕಾಗದಕ್ಕೆ ನಿಜಾಮರ ಕಾಲದಿಂದ ನಮ್ಮ ಕಡೆ ಮುಖ್ತಿಯಾರನಾಮೆ ಎಂಬ ಮಾತುಂಟು. ಕಚೇರಿಯ ಕನ್ನಡದಲ್ಲಿ ಅಧಿಕಾರಪತ್ರ ಎನ್ನುತ್ತಾರೆ. ಈಗ ಎಲ್ಲರ ಬಾಯಲ್ಲಿರುವ ಮಾತು ಜಿ.ಪಿ.ಎ. 1882ರ ಒಂದು ಕಾಯಿದೆಯೂ ಅದಕ್ಕಿಂತ ಹಿಂದಿನ 1872ರ ಕರಾರು ಕಾಯಿದೆಯೂ ಇದನ್ನು ಇಂದಿಗೂ ಆಳುತ್ತವೆ. ಈ ಕಾಯಿದೆಗಳ ಸಾರವು ನಮ್ಮ ಅಜ್ಜಂದಿರ ನ್ಯಾಯಕ್ಕೆ ದೂರವಾದದ್ದಲ್ಲ. ಮುಖ್ತಿಯಾರನು ಒಡೆಯನು ಕೇಳಿದಾಗ ಲೆಕ್ಕ ಒಪ್ಪಿಸತಕ್ಕದ್ದು. ತನಗೆ ವಹಿಸಿದ ಕೆಲಸವನ್ನು ಒಡೆಯನ ಒಪ್ಪಿಗೆಯಿಲ್ಲದೆ ಸುಮ್ಮನೆ ಮತ್ತೊಬ್ಬನ ತಲೆಗೆ ಕಟ್ಟಕೂಡದು. ಒಡೆಯನಿಗೆ ತಿಳಿಸದೆ ಆ ವ್ಯವಹಾರದಲ್ಲಿ ತನ್ನ ಸ್ವಂತ ಲಾಭವನ್ನು ಹುಡುಕಿದರೆ ಒಡೆಯನು ಆ ಲಾಭವನ್ನು ಕೇಳಿ ಪಡೆಯಬಹುದು. ಒಡೆಯನು ಸತ್ತರೆ ಅಥವಾ ಬುದ್ಧಿಸ್ವಾಧೀನ ತಪ್ಪಿದರೆ ಸಾಮಾನ್ಯವಾಗಿ ಅಧಿಕಾರವೂ ಅಲ್ಲಿಗೇ ತೀರುತ್ತದೆ. ತಂದೆಯು ಬದುಕಿದ್ದಾಗ ಬರೆದುಕೊಟ್ಟ ಕಾಗದವನ್ನು ಅವನ ತಿಥಿಯಾದ ಮೇಲೆಯೂ ಹಿಡಿದುಕೊಂಡು ಓಡಾಡುವವರು ಇದನ್ನು ಅರಿಯಬೇಕು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುವೆವು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ಹಿಂದೆ ಯಾರೂ ಕೇಳದಿದ್ದ ಭೂಮಿಗೆ ಬೆಲೆ ಬಂದಿತು. ಬೆಲೆ ಬಂದ ಕೂಡಲೇ ಕಾಗದಗಳೂ ಬಂದವು. "ಜಿ.ಪಿ.ಎ. ಮಾಡಿಕೊಡು, ಖರೀದಿಯಾದ ಹಾಗೆಯೇ" ಎಂದು ಹೇಳಿ ಕೊಂಡವರೂ ಮಾರಿದವರೂ ಉಂಟು. ಹಾಗೆ ಆಗುವದಿಲ್ಲ. 2011ರ ಅಕ್ಟೋಬರ್ ತಿಂಗಳಲ್ಲಿ ಸೂರಜ್ ಲ್ಯಾಂಪ್ ಎಂಬ ಕಂಪನಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಂಡಿತವಾಗಿ ಹೇಳಿಬಿಟ್ಟಿತು: ಅಧಿಕಾರಪತ್ರದಿಂದ ಭೂಮಿಯ ಒಡೆತನವು ಕೈಬದಲಾಗದು, ನೋಂದಾಯಿಸಿದ ಕ್ರಯಪತ್ರವೇ ಬೇಕು. ಪಾರುಪತ್ಯವು ಪಾರುಪತ್ಯವೇ, ಒಡೆತನವು ಒಡೆತನವೇ. ಕೋರ್ಟು ಇದನ್ನು ಭೂಮಿಯ ವಿಷಯವಾಗಿ ಹೇಳಿತು. ಮನಸ್ಸಾಕ್ಷಿಯು ಎಲ್ಲಾ ವಿಷಯಗಳಲ್ಲಿಯೂ ಇದನ್ನೇ ಹೇಳುತ್ತದೆ.

ಆದರೆ ಕಾಯಿದೆಯನ್ನು ತಿಳಿದುಕೊಂಡ ಮಾತ್ರಕ್ಕೆ ನಮ್ಮ ಕಷ್ಟವು ತೀರುವದಿಲ್ಲ. ನಮ್ಮ ಹಳ್ಳಿಗಳಲ್ಲಿ ನಿಜವಾದ ತೊಡಕು ಬೇರೆ ಇದೆ. ಅಣ್ಣನಿಂದ ಲೆಕ್ಕ ಕೇಳುವದು ಹೇಗೆ? ಮಗನ ಕೈಯಿಂದ ಚೀಟಿ ಬರೆಸಿಕೊಳ್ಳುವದು ಹೇಗೆ? "ನನ್ನ ಮೇಲೆ ನಂಬಿಕೆಯಿಲ್ಲವೋ?" ಎಂದು ಅವನು ಒಂದು ಮಾತು ಅಂದರೆ ಕೇಳಿದವನೇ ನಾಚಿಕೊಂಡು ತಲೆ ತಗ್ಗಿಸಬೇಕಾಗುತ್ತದೆ. ನಂಬಿಕೆಯೂ ಲೆಕ್ಕವೂ ಒಂದೇ ಮನೆಯಲ್ಲಿ ಇರಲಾರವು ಎಂದು ನಮ್ಮ ಜನರು ತಿಳಿದಿದ್ದಾರೆ. ಇದು ಸರಿಯೋ?

ಒಬ್ಬ ವಿಧವೆಯನ್ನು ನೆನಸಿರಿ. ಗಂಡನು ಬಿಟ್ಟುಹೋದ ಮೂರೆಕರೆ ನೀರಾವರಿಯುಂಟು, ಓದುಬರಹವಿಲ್ಲ, ಮಕ್ಕಳು ಚಿಕ್ಕವರು. ಭಾವನ ಮಗನು ಹೊಲವನ್ನು ಲಾವಣಿಗೆ ಹಾಕಿಸಿಕೊಟ್ಟು ವರುಷಕ್ಕೊಮ್ಮೆ ಹಣವನ್ನು ತಂದುಕೊಡುತ್ತಾನೆ. ಅವನು ಸತ್ಯವಂತನೆಂದೇ ಇಟ್ಟುಕೊಳ್ಳಿರಿ. ಒಂದು ಕಾಸನ್ನೂ ತಿಂದವನಲ್ಲ. ಒಂದು ವರುಷ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಲಿಲ್ಲ, ಲಾವಣಿ ಅರ್ಧಕ್ಕಿಳಿಯಿತು, ಅವನು ತಂದ ಹಣವೂ ಅರ್ಧವೇ. ಚಿಕ್ಕಮ್ಮನು ಏನೂ ಕೇಳಲಿಲ್ಲ, ಅವನು ಏನೂ ಹೇಳಲಿಲ್ಲ. ಆದರೆ ಬಾವಿಕಟ್ಟೆಯಲ್ಲಿ ಯಾರೋ ಒಬ್ಬಳು, "ನಿನ್ನ ಮೈದುನನ ಮಗ ಹೊಸ ಗಾಡಿ ತಕ್ಕೊಂಡನಂತಲ್ಲಾ" ಅಂದಳು. ಅಂದಿನಿಂದ ಆ ಮುಗ್ಧಳ ಮನಸ್ಸಿನಲ್ಲಿ ಒಂದು ಮುಳ್ಳು ನಟ್ಟುಕೊಂಡಿತು. ಮೈದುನನ ಮಗನೋ ಭಾವನ ಮಗನೋ ಎಂಬದನ್ನೂ ತಿಳಿಯದವಳ ಮಾತು ಅದು. ಆದರೂ ಅದನ್ನು ಕಿತ್ತೊಗೆಯುವದಕ್ಕೆ ಅವನ ಕೈಯಲ್ಲಿ ಏನಿದೆ? ಒಂದು ಚೀಟಿಯಿಲ್ಲ, ಒಬ್ಬ ಸಾಕ್ಷಿಯಿಲ್ಲ. ಆಣೆ ಇಡಬಹುದು, ಆಣೆಯನ್ನು ಕಳ್ಳನೂ ಇಡುತ್ತಾನೆ. ಹೀಗೆ ಲೆಕ್ಕವಿಲ್ಲದ ಕಾರಣ ಕೆಟ್ಟುಹೋದದ್ದು ವಿಧವೆಯ ಹಣವಲ್ಲ, ಸತ್ಯವಂತನ ಮರ್ಯಾದೆ. ಕಳ್ಳನಿಗೂ ಪ್ರಾಮಾಣಿಕನಿಗೂ ವ್ಯತ್ಯಾಸ ತೋರಿಸಲಾರದ ನಂಬಿಕೆಯಿಂದ ಹೆಚ್ಚಾಗಿ ನಷ್ಟಪಡುವವನು ಪ್ರಾಮಾಣಿಕನೇ. ಆದಕಾರಣ ಲೆಕ್ಕವನ್ನು ಕೇಳುವದು ಅವಮಾನವಲ್ಲ. ಕೇಳದೆ ಇದ್ದು, ಒಳಗೊಳಗೆ ಸಂಶಯಪಡುವದೇ ಅವಮಾನ. ಪೌಲನು ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನ ಕೈಯಲ್ಲಿ ಕಳುಹಿಸದೆ, ಯಾರೂ ತಪ್ಪು ಹೊರಿಸದಂತೆ, ಸಭೆಗಳು ಆರಿಸಿದ ಇನ್ನೊಬ್ಬನನ್ನೂ ಜೊತೆಗೆ ಕಳುಹಿಸಿದ್ದನ್ನು ನೀವು ಓದಿರುವಿರಿ. ತೀತನನ್ನು ಅವನು ನಂಬಲಿಲ್ಲವೆಂದು ಯಾರಾದರೂ ಹೇಳುವರೋ?

ಇದಕ್ಕೆ ವಿರುದ್ಧವಾಗಿ ಒಂದು ಆಕ್ಷೇಪಣೆಯುಂಟು; ಅದನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಪ್ರತಿಯೊಂದಕ್ಕೂ ಕಾಗದ, ಪ್ರತಿಯೊಂದಕ್ಕೂ ಸಾಕ್ಷಿ ಎಂದಾದರೆ ತಾಯಿಮಕ್ಕಳ ನಡುವೆ ಏನು ಉಳಿಯುವದು? ಮನೆಯು ಕಚೇರಿಯಾಗದೋ? ಈ ಮಾತಿನಲ್ಲಿ ಸತ್ಯವಿದೆ. ತಾಯಿಯ ಔಷಧಿಗೆ ಕೊಟ್ಟ ಹತ್ತಿಪ್ಪತ್ತು ರೂಪಾಯಿಗೆ ರಸೀದಿ ಕೇಳುವವನು ಮಗನಲ್ಲ, ಸಾಹುಕಾರನು. ನಮ್ಮ ತೀರ್ಪು ಏನಂದರೆ, ಒಂದೇ ಗಂಗಾಳದಲ್ಲಿ ಉಣ್ಣುವವರ ನಡುವೆ ದಿನದ ಖರ್ಚಿಗೆ ಲೆಕ್ಕ ಬೇಡ; ಆದರೆ ಹೊಲ, ಮನೆ, ಸಾಲ, ಬೆಳೆಯ ಹಣ ಇವುಗಳಿಗೆ ಬರಹವು ಬೇಕು. ಯಾಕಂದರೆ ಇವು ಇಂದು ಉಣ್ಣುವವರವು ಮಾತ್ರವಲ್ಲ. ಇನ್ನೂ ಮಾತಾಡಲು ಬಾರದ ಮಕ್ಕಳಿಗೂ ಇವುಗಳಲ್ಲಿ ಪಾಲುಂಟು. ತನ್ನದನ್ನು ಲೆಕ್ಕವಿಲ್ಲದೆ ಕೊಡುವದು ಔದಾರ್ಯ. ಮಕ್ಕಳದನ್ನು ಲೆಕ್ಕವಿಲ್ಲದೆ ಕೊಡುವದಕ್ಕೆ ಆ ಹೆಸರು ಸಲ್ಲದು.

ನಡೆಯಲಾರದವನ ಪಾರುಪತ್ಯದ ಕಥೆಯೊಂದು ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ಯೋನಾತಾನನ ಮಗನಾದ ಮೆಫೀಬೋಶೆತನು ಎರಡು ಕಾಲುಗಳಲ್ಲಿಯೂ ಕುಂಟನು. ದಾವೀದನು ಸೌಲನ ಹೊಲಗಳನ್ನೆಲ್ಲಾ ಅವನಿಗೆ ಹಿಂದಕ್ಕೆ ಕೊಟ್ಟು, ಅವುಗಳನ್ನು ಸಾಗುಮಾಡುವ ಕೆಲಸವನ್ನು ಚೀಬನಿಗೆ ವಹಿಸಿದನು. ಚೀಬನಿಗೆ ಹದಿನೈದು ಮಂದಿ ಮಕ್ಕಳೂ ಇಪ್ಪತ್ತು ಮಂದಿ ಆಳುಗಳೂ ಇದ್ದರು. ಒಡೆಯನಿಗೆ ಕಾಲುಗಳೇ ಇಲ್ಲ. ಅಬ್ಷಾಲೋಮನ ದಂಗೆಯಲ್ಲಿ ಅರಸನು ಓಡಿಹೋಗುತ್ತಿರುವಾಗ ಚೀಬನು ಕತ್ತೆಗಳ ಮೇಲೆ ರೊಟ್ಟಿ, ಹಣ್ಣು, ದ್ರಾಕ್ಷಾರಸಗಳನ್ನು ಹೇರಿಕೊಂಡು ಎದುರಿಗೆ ಬಂದು, ತನ್ನ ಒಡೆಯನು ರಾಜ್ಯದ ಆಶೆಯಿಂದ ಊರಲ್ಲಿಯೇ ಉಳಿದನೆಂದು ಹೇಳಿದನು. ಅರಸನು ಅದೇ ಕ್ಷಣದಲ್ಲಿ ಹೊಲಗಳೆಲ್ಲಾ ಚೀಬನವು ಎಂದುಬಿಟ್ಟನು. ಮುಂದೆ ಕುಂಟನು ಬಂದು ತನ್ನ ಸಂಗತಿಯನ್ನು ಹೇಳಿಕೊಂಡಾಗ ಅರಸನು ಪೂರ್ಣ ವಿಚಾರಣೆ ಮಾಡದೆ, ಇಬ್ಬರೂ ಹಂಚಿಕೊಳ್ಳಿರಿ ಎಂದನು. ಪ್ರಸಂಗಿಗಳು ಈ ಕಥೆಯಲ್ಲಿ ಚೀಬನ ದುಷ್ಟತನವನ್ನೇ ಬಹಳವಾಗಿ ತೋರಿಸುತ್ತಾರೆ. ನಮಗೆ ತೋರುವದೇನಂದರೆ, ಇಲ್ಲಿ ದೊಡ್ಡ ಲೋಪವು ಏರ್ಪಾಡಿನಲ್ಲಿಯೇ ಇತ್ತು. ಒಡೆಯನ ಕಾಲು, ಕೈ, ಬಾಯಿ, ಲೋಕದ ಸುದ್ದಿಯನ್ನು ತರುವ ಕಿವಿ ಎಲ್ಲವೂ ಒಬ್ಬನೇ ಆಗಿದ್ದನು. ಮಧ್ಯದಲ್ಲಿ ಬಂದು "ಹೊಲದ ಬೆಳೆ ಎಷ್ಟಾಯಿತಪ್ಪಾ?" ಎಂದು ಆ ಕುಂಟನನ್ನು ನೇರವಾಗಿ ಕೇಳುವ ಎರಡನೆಯವನೊಬ್ಬನು ಇದ್ದಿದ್ದರೆ ಚೀಬನಿಗೆ ಅಷ್ಟು ಧೈರ್ಯ ಬರುತ್ತಿತ್ತೋ?

ನಮ್ಮ ಸೀಮೆಯ ಚರಿತ್ರೆಯಲ್ಲಿಯೂ ಒಂದು ದೊಡ್ಡ ಪಾರುಪತ್ಯದ ಕಥೆಯುಂಟು. ಲಿಂಗಸುಗೂರಿನಿಂದ ಕೃಷ್ಣೆಯನ್ನು ದಾಟಿದರೆ ಸುರಪುರ. ಈಗ ಯಾದಗಿರಿ ಜಿಲ್ಲೆಗೆ ಸೇರಿದೆ. ಆಗ ಬೇಡ ನಾಯಕರ ಸಂಸ್ಥಾನ. ಅರಸನು ತೀರಿಹೋಗಿ, ಮಗನಾದ ವೆಂಕಟಪ್ಪ ನಾಯಕನು ಚಿಕ್ಕ ಹುಡುಗನಾಗಿದ್ದದರಿಂದ, ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ರೆಸಿಡೆಂಟನು ಅಲ್ಲಿಗೆ ಕಳುಹಿಸಿದನು. 1841ರಿಂದ 1853ರ ವರೆಗೆ ಸುಮಾರು ಹನ್ನೆರಡು ವರುಷ ಅವನು ಅಲ್ಲಿದ್ದನು. ಅವನು ವಾಸಿಸಿದ ಬಂಗಲೆಯನ್ನು ಸುರಪುರದವರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಹುಡುಗನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಸಂಸ್ಥಾನದ ಹಣಕಾಸನ್ನು ಸರಿಪಡಿಸಿ, ಹುಡುಗನು ಪ್ರಾಯಕ್ಕೆ ಬಂದಾಗ ಎಲ್ಲವನ್ನೂ ಒಪ್ಪಿಸಿ ಹೊರಟೆನೆಂದು ಟೇಲರನು ತನ್ನ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. ಆ ಪುಸ್ತಕವು ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾಯಿತು. ಒಪ್ಪಿಸಿದ ಐದು ವರುಷಗಳಲ್ಲಿಯೇ, ಅಂದರೆ 1858ರಲ್ಲಿ, ತರುಣ ಅರಸನು ಇಂಗ್ಲಿಷರಿಗೆ ವಿರೋಧವಾಗಿ ಎದ್ದು, ಸೋತು, ಸೆರೆಸಿಕ್ಕಿ, ಸೆರೆಯಾಳಾಗಿ ಹೋಗುವ ದಾರಿಯಲ್ಲಿ ಗುಂಡೇಟಿನಿಂದ ಸತ್ತನು. ಸಂಸ್ಥಾನವೂ ಅಳಿಯಿತು.

ಈ ಕಥೆಯು ನಮ್ಮನ್ನು ಬಹಳ ಕಾಲದಿಂದ ಯೋಚನೆಗೆ ಹಚ್ಚಿದೆ. ಟೇಲರನು ಲಂಚಕೋರನಾಗಿರಲಿಲ್ಲವೆಂದೂ ಹುಡುಗನನ್ನು ನಿಜವಾಗಿ ಪ್ರೀತಿಸಿದನೆಂದೂ ನಂಬುವದಕ್ಕೆ ಅಡ್ಡಿಯಿಲ್ಲ. ಆದರೂ ಮೂರು ಪ್ರಶ್ನೆಗಳು ಉಳಿಯುತ್ತವೆ. ಅವನನ್ನು ನೇಮಿಸಿದವರು ಯಾರು? ಹುಡುಗನಲ್ಲ, ಹುಡುಗನ ತಾಯಿಯೂ ಅಲ್ಲ. ಆ ಸಂಸ್ಥಾನದಿಂದ ಕಪ್ಪವನ್ನು ಕೇಳುತ್ತಿದ್ದವರೇ ನೇಮಿಸಿದರು. ಸಾಲಗಾರನ ಮನೆಗೆ ಸಾಲಕೊಟ್ಟವನೇ ಪಾರುಪತ್ಯಗಾರನನ್ನು ಕಳುಹಿಸಿದರೆ ಅವನು ಯಾರ ಸೇವಕನು? ಅವನ ಮನಸ್ಸು ಎಷ್ಟು ಒಳ್ಳೇದಾದರೂ ಅವನಿಗೆ ಇಬ್ಬರು ಯಜಮಾನರು. ಎರಡನೆಯದು, ಈ ಪಾರುಪತ್ಯದ ವೃತ್ತಾಂತವನ್ನು ನಾವು ಹೆಚ್ಚಾಗಿ ಪಾರುಪತ್ಯಗಾರನ ಲೇಖಣಿಯಿಂದಲೇ ತಿಳಿದಿದ್ದೇವೆ. ಹುಡುಗನೂ ಅವನ ತಾಯಿ ಈಶ್ವರಮ್ಮನೂ ಬರೆದ ಲೆಕ್ಕವು ನಮ್ಮ ಕೈಯಲ್ಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಹನ್ನೆರಡು ವರುಷ ಒಬ್ಬನ ಕೆಲಸವನ್ನು ಇನ್ನೊಬ್ಬನು ಚೆನ್ನಾಗಿ ಮಾಡಿದರೆ ಮೊದಲನೆಯವನು ಆ ಕೆಲಸವನ್ನು ಎಂದು ಕಲಿಯಬೇಕು? ಬೊಕ್ಕಸವನ್ನು ತುಂಬಿ ಕೊಡುವದು ಅರ್ಧ ಕೆಲಸವಷ್ಟೆ. ದಂಗೆಗೆ ಬೇರೆ ಎಷ್ಟೋ ಕಾರಣಗಳಿದ್ದವು, 1857ರ ಬೆಂಕಿಯು ದೇಶವನ್ನೆಲ್ಲಾ ವ್ಯಾಪಿಸಿತ್ತು. ಅರಸನ ಮರಣವನ್ನು ಟೇಲರನ ತಲೆಯ ಮೇಲೆ ಹೊರಿಸುವದು ಅನ್ಯಾಯ. ಆದರೆ ನಮ್ಮ ಮನೆಗಳನ್ನು ನೋಡಿರಿ. ಗಂಡನೇ ಬ್ಯಾಂಕಿಗೆ ಹೋಗಿ, ಗಂಡನೇ ದಲಾಲಿ ಅಂಗಡಿಯ ಲೆಕ್ಕವನ್ನು ನೋಡಿ, ಪ್ರೀತಿಯಿಂದಲೇ ಹೆಂಡತಿಗೆ ಯಾವ ತೊಂದರೆಯನ್ನೂ ಕೊಡದೆ ಇಪ್ಪತ್ತು ವರುಷ ನಡಿಸಿ ಒಂದು ದಿನ ತೀರಿಕೊಂಡರೆ, ಅವಳಿಗೆ ಯಾವ ಅಂಗಡಿಯಲ್ಲಿ ಎಷ್ಟು ಬಾಕಿಯೆಂಬದೂ ಗೊತ್ತಿರುವದಿಲ್ಲ. ಅಂಗಡಿಯವನು ಹೇಳಿದ್ದೇ ಲೆಕ್ಕ. ಇಂಥ ಪ್ರೀತಿಗೆ ಏನು ಹೆಸರಿಡಬೇಕೋ ನಾವರಿಯೆವು.

ಬುದ್ಧಿಸ್ವಾಧೀನ ತಪ್ಪಿದರೆ ಅಧಿಕಾರಪತ್ರವು ತೀರುವದೆಂದು ಮೇಲೆ ಹೇಳಿದೆವು. ಇದರಲ್ಲಿ ಒಂದು ಸಂಕಟವಿದೆ. ಮರೆವಿನ ರೋಗಕ್ಕೆ ಸಿಕ್ಕಿದ ಮುದುಕನಿಗೂ, ಲಕ್ವ ಹೊಡೆದು ಅರಿವಿಲ್ಲದೆ ಬಿದ್ದವನಿಗೂ ಮುಖ್ತಿಯಾರನು ಬೇಕಾಗುವದು ಆಗಲೇ. ಕಾಗದವು ಬಿದ್ದುಹೋಗುವದೂ ಆಗಲೇ. ಇಂಗ್ಲೆಂಡು ಮುಂತಾದ ಕೆಲವು ದೇಶಗಳಲ್ಲಿ ಬುದ್ಧಿ ಹೋದ ಮೇಲೆಯೂ ನಿಲ್ಲುವ ಅಧಿಕಾರಪತ್ರಕ್ಕೆ ಕಾಯಿದೆಯುಂಟು. ನಮ್ಮ ದೇಶದಲ್ಲಿ ಅಂಥ ಸಾಮಾನ್ಯ ಕಾಯಿದೆಯಿಲ್ಲ. ಅರಿವಿಲ್ಲದೆ ಮಲಗಿದವರಿಗಾಗಿ ಮನೆಯವರು ಹೈಕೋರ್ಟಿನ ಮೊರೆಹೋಗಬೇಕಾಗಿದೆ. ಕೇರಳದ ಹೈಕೋರ್ಟು 2019ರಲ್ಲಿ ಇದಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟಿತು. ಮಸ್ಕಿಯ ಹಳ್ಳಿಯವನು ಹೈಕೋರ್ಟಿಗೆ ಹೋಗುವದು ಎಷ್ಟು ದೂರದ ಮಾತೆಂಬದನ್ನು ನಾವು ಬಲ್ಲೆವು. ಆದಕಾರಣ ಅರಿವಿರುವಾಗಲೇ ಹೊಲ ಎಲ್ಲಿದೆ, ಸಾಲ ಎಷ್ಟಿದೆ, ಮರಣದ ನಂತರ ಯಾವದು ಯಾರಿಗೆ ಎಂಬದನ್ನು ಮನೆಯವರ ಮುಂದೆ ಹೇಳಿ ಬರೆಸಿಡುವದು ಉತ್ತಮ. ಇದನ್ನು ಅಪಶಕುನವೆಂದು ಎಣಿಸುವವರು ನಮ್ಮಲ್ಲಿಯೂ ಇದ್ದಾರೆ. ಕಾಯಿಲೆಯಿಂದ ಏಳಲಾರದವರು ಕಾಗದವನ್ನು ನೋಂದಾಯಿಸಬೇಕಾದರೆ ಅಧಿಕಾರಿಯೇ ಮನೆಗೆ ಬರುವಂತೆ ಕೇಳಿಕೊಳ್ಳಲು 1908ರ ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ. ಸಿಂಧನೂರು ಲಿಂಗಸುಗೂರುಗಳ ನೋಂದಣಿ ಕಚೇರಿಗಳಲ್ಲಿ ವಿಚಾರಿಸಬಹುದು.

ಕಾಗದವಿಲ್ಲದ ಮುಖ್ತಿಯಾರಿಯೊಂದು ಈಗ ಊರೂರಿಗೆ ಬಂದಿದೆ. ಅಜ್ಜಿಯ ಪಿಂಚಣಿಯೂ, 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿಯೂ ಬ್ಯಾಂಕಿಗೆ ಜಮೆಯಾಗುತ್ತವೆ. ಬೆರಳಚ್ಚಿನ ಯಂತ್ರವನ್ನು ಇಟ್ಟುಕೊಂಡವನು ಆಧಾರ್ ಸಂಖ್ಯೆಯನ್ನು ಒತ್ತಿ ಅಜ್ಜಿಯ ಬೆರಳನ್ನು ಅದರ ಮೇಲೆ ಇಡಿಸುತ್ತಾನೆ. ಯಂತ್ರದಲ್ಲಿ ಎಷ್ಟು ಬರೆದನು, ಕೈಗೆ ಎಷ್ಟು ಕೊಟ್ಟನು? ಬೆರಳು ಇಟ್ಟವಳಿಗೆ ಓದು ಬಾರದು. ಚೀಟಿ ಕೊಡು ಎಂದು ಕೇಳಿರಿ, ಮತ್ತು ತಿಂಗಳಿಗೊಮ್ಮೆ ಶಾಲೆಗೆ ಹೋಗುವ ಮೊಮ್ಮಗಳಿಂದ ಪಾಸುಬುಕ್ಕನ್ನು ಓದಿಸಿರಿ. ಆ ಮೊಮ್ಮಗಳೇ ಚೀಬನ ಕಥೆಯಲ್ಲಿ ಇಲ್ಲದೆಹೋದ ಎರಡನೆಯವಳು. ಗುಪ್ತ ಅಂಕೆಯನ್ನು ಕಾರ್ಡಿನ ಹಿಂದೆ ಬರೆದು ನೆರೆಯವನ ಕೈಗೆ ಕೊಡುವ ಪದ್ಧತಿಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ.

ಪಾರುಪತ್ಯವನ್ನು ವಹಿಸಿಕೊಳ್ಳುವವನಿಗೂ ಎರಡು ಮಾತು. ಒಲ್ಲೆನೆನ್ನುವದು ಪಾಪವಲ್ಲ. ಸ್ವಂತ ಸಾಲದಲ್ಲಿ ಮುಳುಗಿದವನು ಇನ್ನೊಬ್ಬರ ಹಣವನ್ನು ಮುಟ್ಟದಿರುವದು ಒಳ್ಳೇದು. ಯಾಕಂದರೆ ಅವನು ಕದಿಯಬೇಕೆಂದು ಎಂದೂ ಕದಿಯುವದಿಲ್ಲ, "ನಾಳೆ ಇಟ್ಟುಬಿಡುತ್ತೇನೆ" ಎಂದು ಇಂದು ತೆಗೆಯುತ್ತಾನೆ. ಒಪ್ಪಿದವನು ಇನ್ನೊಬ್ಬರ ಹಣವನ್ನು ತನ್ನ ಹಣದ ಸಂಗಡ ಒಂದೇ ಗಂಟಿನಲ್ಲಿ ಕಟ್ಟಬಾರದು. ಇನ್ನು ಕೂಲಿಯ ಮಾತು. ನಮ್ಮ ಜನರು ಇದನ್ನು ಆಡುವದಕ್ಕೆ ನಾಚುತ್ತಾರೆ. ವರುಷಕ್ಕೆ ಹತ್ತು ಸಲ ತಹಶೀಲಿಗೆ ಅಲೆದು, ಬಸ್ಸಿನ ಖರ್ಚನ್ನು ಕೈಯಿಂದ ಹಾಕಿ, ತನ್ನ ಕೂಲಿಯ ದಿನಗಳನ್ನು ಕಳಕೊಂಡವನಿಗೆ ಏನೂ ಇಲ್ಲವೋ? ಬಂಧುವಲ್ಲವೇ, ಮಾಡಲಿ ಎಂದು ಒಡೆಯನು ಸುಮ್ಮನಿರುತ್ತಾನೆ. ಬಂಧುವಲ್ಲವೇ, ಹೇಗೆ ಕೇಳಲಿ ಎಂದು ಅವನೂ ಸುಮ್ಮನಿರುತ್ತಾನೆ. ಆದರೆ ಕೂಲಿಯನ್ನು ಯಾರೂ ಗೊತ್ತುಮಾಡದಿದ್ದರೆ ಕೆಲವು ಕಾಲದ ಮೇಲೆ ಅವನೇ ಮನಸ್ಸಿನೊಳಗೆ ಗೊತ್ತುಮಾಡಿಕೊಳ್ಳುವನು; ಒಂದು ಚೀಲ ಭತ್ತವು ದಾರಿಯಲ್ಲಿ ಅವನ ಮನೆಗೆ ಇಳಿಯುವದು. ಅವನಿಗೆ ಅದು ನ್ಯಾಯವಾಗಿಯೇ ತೋರುವದು, ನ್ಯಾಯವೂ ಆಗಿರಬಹುದು. ಹೇಳದೆ ತೆಗೆದದ್ದರಿಂದ ಕಳವಾಯಿತು. ಮೊದಲೇ ಇಂತಿಷ್ಟು ಎಂದು ಇಬ್ಬರೂ ಆಡಿಕೊಂಡಿದ್ದರೆ ಅದೇ ಚೀಲವು ಹಗಲಿನಲ್ಲಿ, ಎಲ್ಲರ ಮುಂದೆ, ಅವನ ಮನೆಗೆ ಹೋಗುತ್ತಿತ್ತು.

ಮುಂಗಾರಿಗೆ ಗುಳೆಯಿಂದ ಹಿಂತಿರುಗಿದವರು ಬೀಗ ತೆಗೆದು ಒಲೆ ಹಚ್ಚಿದ ಮೇಲೆ ಒಂದು ಸಾಯಂಕಾಲ ಪಾರುಪತ್ಯಗಾರನನ್ನು ಊಟಕ್ಕೆ ಕರೆಯಲಿ. ಊಟವಾದ ಮೇಲೆ, ಓದು ಬಲ್ಲ ಮತ್ತೊಬ್ಬನ ಎದುರಿನಲ್ಲಿ ಚೀಟಿಗಳನ್ನು ಓದಿಸಲಿ, ಬಾಕಿಯನ್ನು ಬರೆಯಲಿ, ಕೂಲಿಯನ್ನು ಕೈಯಲ್ಲಿ ಇಡಲಿ. ಅಧಿಕಾರಪತ್ರವನ್ನು ಬರೆದುಕೊಟ್ಟಿದ್ದು ಅದರ ಕೆಲಸವು ತೀರಿದ್ದರೆ ಮೂಲಕಾಗದವನ್ನು ಹಿಂದಕ್ಕೆ ಪಡೆದು, ರದ್ದುಪಡಿಸಿದ ಬರಹವನ್ನು ಮಾಡಿಸಿ, ಅದು ನೋಂದಣಿಯಾಗಿದ್ದ ಪಕ್ಷಕ್ಕೆ ಅಲ್ಲಿಯೇ ರದ್ದತಿಯನ್ನೂ ನೋಂದಾಯಿಸಬೇಕು. ಬ್ಯಾಂಕಿಗೂ, ಲಾವಣಿ ಮಾಡಿದವನಿಗೂ, ಅಂಗಡಿಯವನಿಗೂ ತಿಳಿಸಬೇಕು. ಯಾಕಂದರೆ ರದ್ದಾದ ಸಂಗತಿಯು ಅವರಿಗೆ ತಿಳಿಯುವ ವರೆಗೆ, ಹಳೆಯ ಮುಖ್ತಿಯಾರನೊಡನೆ ಅವರು ಮಾಡಿದ ವ್ಯವಹಾರವು ನಿಮ್ಮ ಹೆಸರಿನ ಮೇಲೆಯೇ ನಿಲ್ಲುವದು.